ಬೆಟ್ಟದ ಬುಡದ ಒರತೆಗಳು ಮತ್ತು ಅವುಗಳ ಮೀನುಗಳು

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೊರಟು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಆ ಬೆಟ್ಟದ ಬುಡದ ಒಂದು ಹಳ್ಳಿಗೆ ಅರಿಸಿನ ಬೆಳೆ ನೋಡಲು ಹೋಗಿದ್ದಾಗ ರೈತರೊಬ್ಬರು ನನ್ನನ್ನು ತಮ್ಮ ಜಮೀನಿನ ಮೇಲಂಚಿಗೆ ಕರೆದುಕೊಂಡು ಹೋದರು. ಅಲ್ಲಿ ಬಂಡೆಯ ಸಂದಿನಿಂದ ಬೆರಳು ಗಾತ್ರದ ನೀರು ಹೊರಬಂದು, ಕಲ್ಲು ಕಟ್ಟಿದ ಗುಂಡಿಯೊಂದಕ್ಕೆ ಬೀಳುತ್ತಿತ್ತು. ತಳದ ಮರಳನ್ನು ಎಣಿಸಬಹುದು ಎನ್ನುವಷ್ಟು ತಿಳಿಯಾದ ನೀರು. ಎರಡು ವರ್ಷದ ಹಿಂದೆ ಅವರು ಆ ಗುಂಡಿಗೆ ನೂರು ಕಾಟ್ಲಾ ಮರಿ ತಂದು ಬಿಟ್ಟಿದ್ದರು. ಅರ್ಧಕ್ಕರ್ಧ ಸತ್ತವು. ಉಳಿದವು ಗೇಣುದ್ದವೂ ಆಗಲಿಲ್ಲ.

“ಇಷ್ಟು ಚೊಕ್ಕ ನೀರದೆ, ಮೀನು ಯಾಕ್ ಸಾ ಬೆಳೀನಿಲ್ಲ?” ಎಂದು ಅವರು ಕೇಳಿದರು. ಅದೇ ಗುಂಡಿಯಲ್ಲಿ ಬೆರಳುದ್ದದ ಬೇರೆ ಮೀನುಗಳು ಹಿಂಡು ಹಿಂಡಾಗಿ ಓಡಾಡುತ್ತಿದ್ದವು. ಅವು ಯಾವುವೆಂದು ಕೇಳಿದಾಗ, “ಅವು ನಮ್ಮಪ್ಪನ ಕಾಲದಿಂದ್ಲೂ ಅವೆ. ಅವ್ಕೇನೂ ಬೆಲೆ ಇಲ್ಲ” ಎಂದರು. ಒರತೆಯಿಂದ ನೂರು ಹೆಜ್ಜೆ ದೂರದಲ್ಲಿ ಆ ಬೇಸಿಗೆ ಕೊಳವೆ ಬಾವಿ ಕೊರೆಸುವ ಯೋಚನೆಯೂ ಅವರಿಗಿತ್ತು.

ಬೆಳೆಯದೆ ಹೋದ ಕಾಟ್ಲಾ, ಬೆಲೆಯಿಲ್ಲದ ಸಣ್ಣ ಮೀನು, ಕೊರೆಸಬೇಕೆಂದಿದ್ದ ಕೊಳವೆ ಬಾವಿ, ಈ ಮೂರಕ್ಕೂ ಸಂಬಂಧವಿದೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಬೆಟ್ಟದಂಚಿನಲ್ಲಿ ಜಮೀನು ಮಾಡುವ ರೈತ ಬಾಂಧವರು ಆ ಸಂಬಂಧವನ್ನು ತಿಳಿದಿರುವುದು ಒಳ್ಳೆಯದು.

ಒರತೆಯ ನೀರು ಎಲ್ಲಿಂದ ಬರುತ್ತದೆ?

ಒರತೆ, ಊಟೆ, ಚಿಲುಮೆ, ಸೆಲೆ ಎಂದು ನಾವು ಹಲವು ಹೆಸರುಗಳಿಂದ ಕರೆಯುವುದು ಒಂದನ್ನೇ. ಭೂಮಿಯೊಳಗಿನ ನೀರು ತಾನಾಗಿ ಮೇಲಕ್ಕೆ ಬಂದು ಹರಿಯುವ ಜಾಗವೇ ಒರತೆ. ಈ ನೀರು ಪಾತಾಳದಿಂದ ಉಕ್ಕಿ ಬರುವುದೆಂಬ ನಂಬಿಕೆ ಹಲವರಲ್ಲಿದೆ. ನಮ್ಮ ಭಾಗದ ಒರತೆಗಳ ಮಟ್ಟಿಗೆ ಇದು ನಿಜವಲ್ಲ. ಅದು ಹಿಂದಿನ ಮಳೆಗಾಲಗಳಲ್ಲಿ ಮೇಲಿನ ಇಳಿಜಾರಿನ ಮೇಲೆ ಬಿದ್ದ ಮಳೆಯೇ ಹೊರತು ಬೇರೆ ನೀರಲ್ಲ.

ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರ್. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು ಇದಕ್ಕಿಂತಲೂ ಎತ್ತರ. ಈ ಬೆಟ್ಟಗಳು ಗಟ್ಟಿ ಕಲ್ಲಿನವು. ಆದರೆ ಮೇಲ್ಭಾಗದ ಕಲ್ಲು ಸಾವಿರಾರು ವರ್ಷಗಳ ಬಿಸಿಲು ಮಳೆಗೆ ಶಿಥಿಲವಾಗಿ, ಜಲ್ಲಿ ಮತ್ತು ಮಣ್ಣಿನ ಪದರವಾಗಿದೆ. ಹುಲ್ಲು ಮರಗಳ ಕೆಳಗೆ ಬಿದ್ದ ಮಳೆ ಈ ಪದರದೊಳಗೆ ಇಂಗುತ್ತದೆ. ಕೆಳಗೆ ಗಟ್ಟಿ ಬಂಡೆ ಸಿಕ್ಕಿದ ಮೇಲೆ ಇನ್ನೂ ಇಳಿಯಲಾರದೆ, ಬಂಡೆಯ ಮೇಲೆಯೂ ಅದರ ಬಿರುಕುಗಳಲ್ಲಿಯೂ ಇಳಿಜಾರಿನ ಕಡೆಗೆ ನಿಧಾನವಾಗಿ ಸಾಗುತ್ತದೆ. ಇಳಿಜಾರು ಮುರಿದ ಕಡೆ, ಅಥವಾ ಬಿರುಕು ಬಾಯಿ ತೆರೆದ ಕಡೆ, ಹೊರಕ್ಕೆ ಬರುತ್ತದೆ. ಈ ಬಾಯಿಯನ್ನೇ ಒರತೆಯ ಕಣ್ಣು ಎನ್ನುತ್ತೇವೆ. ನೀರು ಹೀಗೆ ನಡೆಯುವ ವೇಗ ಬಹಳ ಕಡಿಮೆ. ಆದುದರಿಂದಲೇ ಅಕ್ಟೋಬರಿನ ಮಳೆ ಒರತೆಯಲ್ಲಿ ಫೆಬ್ರವರಿ, ಮಾರ್ಚಿಯವರೆಗೂ ಹರಿಯಲು ಸಾಧ್ಯವಾಗುತ್ತದೆ.

ಗೋಪಾಲಸ್ವಾಮಿ ಬೆಟ್ಟದ ಮೇಲಿನ ಹಂಸತೀರ್ಥದ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಮಿಂದ ಕಾಗೆ ಹಂಸವಾಯಿತೆಂದೂ, ಅಂದಿನಿಂದ ಆ ಬೆಟ್ಟದಲ್ಲಿ ಕಾಗೆ ಇಲ್ಲವೆಂದೂ ಹೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ಇರುವುದು ಭಾರ್ಗವಿ ತೊರೆಯ ದಂಡೆಯಲ್ಲಿ. ಬೆಟ್ಟದ ನೀರಿನ ಹುಟ್ಟುಜಾಗಗಳನ್ನು ಹಿರಿಯರು ದೇವರ ಹೆಸರಿನಲ್ಲಿ ಕಾಪಾಡಿದರು. ಅಲ್ಲಿ ಕಸ ಹಾಕಬಾರದು, ಮರ ಕಡಿಯಬಾರದು ಎಂಬ ಕಟ್ಟುಪಾಡಿನಿಂದ ಲಾಭವಾದದ್ದು ಕೆಳಗಿನ ಊರುಗಳಿಗೆ. ಗೋಪಾಲಸ್ವಾಮಿ ಬೆಟ್ಟದ ಕಡೆಯ ಹಳ್ಳಗಳ ನೀರು ಗುಂಡ್ಲುಹೊಳೆಯಾಗಿ ಉತ್ತರಕ್ಕೆ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಪೂರ್ವದ ಬೆಟ್ಟಗಳ ನೀರು ಹೊನ್ನುಹೊಳೆಗೆ, ಎಂದರೆ ಸುವರ್ಣಾವತಿಗೆ, ಇಳಿದು ಕಾವೇರಿಯನ್ನು ಸೇರುತ್ತದೆ. ಬಂಡೀಪುರದ ದಕ್ಷಿಣದ ಅಂಚಿನಲ್ಲಿ ಮೋಯಾರ್ ಹರಿಯುತ್ತದೆ.

ನೀರು ಏಕೆ ತಿಳಿಯಾಗಿರುತ್ತದೆ?

ಮಣ್ಣಿನ ಪದರವು ದೊಡ್ಡ ಜರಡಿಯಂತೆ. ತಿಂಗಳುಗಟ್ಟಲೆ ಅದರೊಳಗೆ ಸೋಸಿ ಬಂದ ನೀರಿನಲ್ಲಿ ತೇಲುವ ಮಣ್ಣಿನ ಕಣ ಇರುವುದಿಲ್ಲ. ಅದರ ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯ ಮತ್ತು ಪ್ರಾಣಿಗಳೂ ಇರುವುದಿಲ್ಲ. ಇವುಗಳಿಗೆ ಪ್ಲವಕ ಎಂದು ಹೆಸರು. ಕೆರೆಯ ನೀರು ಹಸಿರಾಗಿ ಕಾಣುವುದು ಪ್ಲವಕದಿಂದ. ಕಾಟ್ಲಾ ಮೀನು ಬೆಳೆಯುವುದು ಮುಖ್ಯವಾಗಿ ಈ ಪ್ಲವಕವನ್ನು ತಿಂದು. ಗೊಬ್ಬರ ಕಾಣದ ಹೊಲದಲ್ಲಿ ರಾಗಿ ಹೇಗೆ ಬಡವಾಗುವುದೋ, ಪ್ಲವಕವಿಲ್ಲದ ನೀರಿನಲ್ಲಿ ಕಾಟ್ಲಾ ಹಾಗೆಯೇ ಬಡವಾಗುತ್ತದೆ. ರೈತರ ಪ್ರಶ್ನೆಗೆ ಮೊದಲ ಉತ್ತರ ಇದು: ನೀರು ಚೊಕ್ಕವಾಗಿದ್ದುದರಿಂದಲೇ ಮೀನು ಬೆಳೆಯಲಿಲ್ಲ.

ಎರಡನೆಯ ಕಾರಣ ಗಾಳಿ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. 25 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸಾಕುವ ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು 5 ಮಿಲಿಗ್ರಾಂ ಇರಬೇಕು. ಭೂಮಿಯೊಳಗೆ ಕತ್ತಲಲ್ಲಿ ಬಹುಕಾಲ ಇದ್ದು ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದು ಕಲ್ಲಿನ ಮೇಲೆ ಬಿದ್ದು, ಹರಿದು, ಗಾಳಿಯೊಡನೆ ಬೆರೆತ ಮೇಲೆಯೇ ಮೀನಿಗೆ ಹಿತವಾಗುವುದು. ಒರತೆಯ ಕಣ್ಣಿನಲ್ಲಿ ಮೀನು ಕಡಿಮೆಯಿದ್ದು, ಹತ್ತು ಮಾರು ಕೆಳಗೆ ಹೆಚ್ಚು ಇರುವುದಕ್ಕೆ ಇದೂ ಒಂದು ಕಾರಣ.

ಒರತೆಯ ನೀರಿಗೆ ಇನ್ನೊಂದು ಗುಣವಿದೆ. ಅದರ ಶಾಖ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಅದಕ್ಕೇ ಚಳಿಗಾಲದ ಮುಂಜಾನೆ ಬೆಚ್ಚಗೂ ಏಪ್ರಿಲಿನ ಮಧ್ಯಾಹ್ನ ತಂಪಾಗಿಯೂ ತೋರುತ್ತದೆ. ಬೇಸಿಗೆಯಲ್ಲಿ ಹಳ್ಳದ ಉಳಿದ ಗುಂಡಿಗಳು ಕಾದು ಹೋದಾಗ ಮೀನುಗಳಿಗೆ ಆಸರೆ ಕೊಡುವುದು ಒರತೆಯ ಮಡುವೇ.

ಇಲ್ಲಿ ಒಂದು ಎಚ್ಚರಿಕೆ. ತಿಳಿಯಾದ ನೀರೆಲ್ಲ ಶುದ್ಧವಲ್ಲ. ಮೇಲಿನ ಜಮೀನಿಗೆ ಹೆಚ್ಚಾಗಿ ಹಾಕಿದ ಯೂರಿಯಾ ನೈಟ್ರೇಟ್ ಆಗಿ ನೀರಿನೊಡನೆ ಇಳಿದು ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೊಟ್ಟಿಗೆಯ ಮತ್ತು ಬಯಲಿನ ಹೊಲಸಿನಿಂದ ರೋಗಾಣುಗಳೂ ಸೇರಬಹುದು. ಒರತೆಯ ನೀರನ್ನು ಕುಡಿಯಲು ಬಳಸುವವರು ಪರೀಕ್ಷೆ ಮಾಡಿಸಿ, ಕಾಯಿಸಿ ಆರಿಸಿ ಕುಡಿಯಬೇಕು.

ಒರತೆಯ ಮೀನುಗಳು ಯಾವುವು?

ಒರತೆಯಲ್ಲಿ ಮೀನು ಹೇಗೆ ಹುಟ್ಟಿತು ಎಂದು ಹಲವರು ಆಶ್ಚರ್ಯಪಡುತ್ತಾರೆ. ಅದು ಮಳೆಯೊಡನೆ ಬಿದ್ದುದಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದಾಗ ಮೀನುಗಳು ನೀರಿಗೆ ಎದುರಾಗಿ ಹತ್ತಿ ಬರುತ್ತವೆ. ಹಳ್ಳ ಬತ್ತಿದಾಗ ಕೆಳಗೆ ಉಳಿದವು ಸಾಯುತ್ತವೆ, ಒರತೆಯ ಮಡುವಿಗೆ ಬಂದವು ಉಳಿಯುತ್ತವೆ. ಮುಂದಿನ ಮಳೆಗೆ ಇವೇ ಹಳ್ಳವೆಲ್ಲಕ್ಕೂ ಬೀಜದ ಮೀನುಗಳಾಗುತ್ತವೆ. ನಮ್ಮ ಬೆಟ್ಟದಂಚಿನ ತಿಳಿನೀರಿನಲ್ಲಿ ಸಾಮಾನ್ಯವಾಗಿ ಕಾಣುವ ಗುಂಪುಗಳು ಇವು:

ಕಲ್ಲಿಗೆ ಅಂಟುವ ಮೀನು. ಇದನ್ನು ವಿಜ್ಞಾನಿಗಳು ಗಾರಾ ಎನ್ನುತ್ತಾರೆ. ಗದ್ದದ ಕೆಳಗೆ ಬಿಲ್ಲೆಯಂತಹ ಅಂಗವಿದ್ದು, ಅದರಿಂದ ಕಲ್ಲನ್ನು ಕಚ್ಚಿ ಹಿಡಿದು ರಭಸದ ನೀರಿನಲ್ಲಿಯೂ ನಿಲ್ಲುತ್ತದೆ. ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದರಿಂದ ಇದಕ್ಕೆ ಹಸಿರು ನೀರು ಬೇಕಿಲ್ಲ, ತಿಳಿನೀರೇ ಬೇಕು. ಬಿಸಿಲು ತಳಕ್ಕೆ ತಲುಪಿದರೆ ತಾನೆ ಕಲ್ಲಿನ ಮೇಲೆ ಪಾಚಿ ಬೆಳೆಯುವುದು!

ಪಟ್ಟೆ ಮೀನು. ಡಿವಾರಿಯೊ ಎಂಬ ಗುಂಪಿನದು. ಪಕ್ಕದಲ್ಲಿ ನೀಲಿ ಮತ್ತು ಹೊಂಬಣ್ಣದ ಗೆರೆಗಳು. ಹಿಂಡಾಗಿ ಮೇಲುನೀರಿನಲ್ಲಿ ಓಡಾಡುತ್ತಾ, ದಡದ ಗಿಡಗಳಿಂದ ಬೀಳುವ ಇರುವೆ, ಮಿಡತೆ, ಹುಳುಗಳನ್ನು ತಿನ್ನುತ್ತದೆ. ದಡದ ಗಿಡ ಸವರಿದರೆ ಇದರ ಊಟವೇ ಹೋಯಿತು.

ಪಕ್ಕೆ ಮೀನು. ನಮಗೆಲ್ಲ ಗೊತ್ತಿರುವ ಸಣ್ಣ ಬೆಳ್ಳಿ ಬಣ್ಣದ ಮೀನು. ಹಲವು ಜಾತಿಗಳಲ್ಲಿ ಬಾಲದ ಹತ್ತಿರ ಕರಿ ಚುಕ್ಕೆ ಇರುತ್ತದೆ.

ಮರಳಿನಲ್ಲಿ ಹುದುಗುವ ಮೀನು. ಬಾಯಿಯ ಸುತ್ತ ಮೀಸೆಗಳಿರುವ, ಕಡ್ಡಿಯಂತೆ ಉದ್ದನೆಯ ಲೋಚ್ ಜಾತಿ. ಬೆದರಿದರೆ ಕ್ಷಣದಲ್ಲಿ ಮರಳಿನೊಳಗೆ ಮಾಯವಾಗುತ್ತದೆ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾದ ಇದರ ಒಂದು ಜಾತಿಯನ್ನು 1846ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಶ್ರೀಲಂಕಾದ ತ್ರಿಂಕೋಮಲೆ ಬಳಿಯ ಬಿಸಿನೀರಿನ ಬುಗ್ಗೆಯ ಮೀನಿನಿಂದ. ಅದರ ಹೆಸರಿನಲ್ಲಿ ಇಂದಿಗೂ ಬಿಸಿಬುಗ್ಗೆಯ ಗುರುತು ಉಳಿದಿದೆ.

ನೆತ್ತಿಯಲ್ಲಿ ಬೆಳ್ಳಿ ಚುಕ್ಕೆಯ ಮೀನು. ನೀರಿನ ಮೇಲ್ಪದರದಲ್ಲೇ ಇರುತ್ತದೆ. ಮೇಲಿನಿಂದ ನೋಡಿದರೆ ತಲೆಯ ಮೇಲೆ ಹೊಳೆಯುವ ಚುಕ್ಕೆಯಿಂದ ಗುರುತಿಸಬಹುದು. ಇದು ಸೊಳ್ಳೆಯ ಮರಿಗಳನ್ನು ಹುಡುಕಿ ತಿನ್ನುತ್ತದೆ. ನಮ್ಮ ನಾಡಿನದೇ ಆದ ಸೊಳ್ಳೆ ನಿವಾರಕ ಮೀನು ಇದು.

ಕೊರವ ಮತ್ತು ಮುರುಗೋಡು. ಇವು ನೀರಿನ ಮೇಲಕ್ಕೆ ಬಂದು ಬಾಯಿಂದ ಗಾಳಿಯನ್ನು ನುಂಗಿ ಬದುಕಬಲ್ಲವು. ಕೆಸರಿನಲ್ಲಿಯೂ, ಬತ್ತುತ್ತಿರುವ ಗುಂಡಿಯಲ್ಲಿಯೂ ಕೆಲಕಾಲ ಉಳಿಯುತ್ತವೆ.

ಬೆಟ್ಟದ ನೀರನ್ನು ನಂಬಿರುವ ದೊಡ್ಡ ಮೀನೂ ಒಂದಿದೆ. ಕಾವೇರಿ ಮತ್ತು ಮೋಯಾರ್ ನದಿಗಳಲ್ಲಿ ಇರುವ, ಬೆನ್ನುಬ್ಬಿದ ಮಹಶೀರ್ ಜಗತ್ತಿನ ಬೇರೆ ಕಡೆ ಇಲ್ಲ. 2018ರಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಬೇಸಿಗೆಯಲ್ಲಿ ನದಿಯಲ್ಲಿ ಹರಿವು ಉಳಿಯುವುದು ಮೇಲಿನ ನೂರಾರು ಒರತೆಗಳಿಂದಲೇ ಎಂಬುದನ್ನು ನೆನಪಿಡಬೇಕು.

ಮೀನು ಹೇಳುವ ಸಾಕ್ಷಿ

ಬೆಲೆಯಿಲ್ಲವೆಂದು ರೈತರು ಹೇಳಿದ ಸಣ್ಣ ಮೀನಿನ ಬೆಲೆ ಇರುವುದು ಇಲ್ಲಿ. ಬೇಸಿಗೆಯಲ್ಲಿ ಹಳ್ಳದ ಸಂಪರ್ಕ ಕಡಿದುಹೋದ ಒರತೆಯ ಮಡುವಿನಲ್ಲಿ ಕಲ್ಲಿಗೆ ಅಂಟುವ ಮೀನೂ ಪಟ್ಟೆ ಮೀನೂ ಇದ್ದರೆ, ಅವು ಬಂದಂದಿನಿಂದ ಆ ಮಡು ಒಮ್ಮೆಯೂ ಬತ್ತಿಲ್ಲ ಎಂದು ಅರ್ಥ. ಕೆಳಗಿನ ಹಳ್ಳವೂ ಬತ್ತುವ ಜಾಗವಾದರೆ, ಅಂತಹ ಮೀನು ತಲೆಮಾರುಗಳಿಂದ ಇದೆಯೆಂದರೆ 2016, 2023ರಂತಹ ಬರದ ವರ್ಷಗಳಲ್ಲಿಯೂ ಒರತೆ ಕೈಕೊಟ್ಟಿಲ್ಲವೆಂದು ತಿಳಿಯಬಹುದು. ಯಾವ ಯಂತ್ರವೂ ಇಲ್ಲದೆ ಸಿಗುವ ದಾಖಲೆ ಇದು.

ಈ ಗುರುತುಗಳನ್ನು ಗಮನಿಸಿ. ಕಲ್ಲಿಗೆ ಅಂಟುವ ಮೀನು ಮಾಯವಾಗಿ ಕೊರವ ಮತ್ತು ಮುರುಗೋಡು ಮಾತ್ರ ಉಳಿದಿದ್ದರೆ ಹರಿವು ಕುಗ್ಗಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದೂ ಆಮ್ಲಜನಕದ ಕೊರತೆಯೇ. ಹಗಲಿನಲ್ಲಿ ಇದ್ದಕ್ಕಿದ್ದಂತೆ ಮೀನಿನ ಜೊತೆಗೆ ಏಡಿ, ಸಿಗಡಿ, ನೀರು ಹುಳುಗಳೂ ಸತ್ತು ಬಿದ್ದಿದ್ದರೆ ನೀರಿಗೆ ವಿಷ ಸೇರಿದೆ ಎಂದು ಅನುಮಾನಿಸಬೇಕು. ಆಗ ಆ ನೀರನ್ನು ಜನ ಜಾನುವಾರು ಯಾರೂ ಕುಡಿಯಬಾರದು.

ಒರತೆಯ ಲೆಕ್ಕ

ಒರತೆಯ ಹರಿವನ್ನು ಅಳೆಯುವುದು ಸುಲಭ. 15 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರದಲ್ಲಿ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 900 ಲೀಟರ್, ದಿನಕ್ಕೆ 21,600 ಲೀಟರ್ ಆಯಿತು. ತಿಂಗಳಿಗೊಮ್ಮೆ, ಅದೇ ತಾರೀಖಿಗೆ ಅಳೆದು ನೋಟ್ ಪುಸ್ತಕದಲ್ಲಿ ಬರೆದಿಡಿ. ಎರಡು ಮೂರು ವರ್ಷದ ಬರಹ ಕೈಯಲ್ಲಿದ್ದರೆ ಒರತೆ ಇಳಿಮುಖವಾಗಿದೆಯೇ ಎಂದು ಊಹೆಯಿಲ್ಲದೆ ಹೇಳಬಹುದು.

ಈಗ ಈ ನೀರಿಗೆ ಎಷ್ಟು ನೆಲ ಬೇಕು ನೋಡೋಣ. ದಿನಕ್ಕೆ 21,600 ಲೀಟರಿನಂತೆ ವರ್ಷಕ್ಕೆ ಸುಮಾರು 79 ಲಕ್ಷ ಲೀಟರ್. ವರ್ಷಕ್ಕೆ 750 ಮಿಲಿಮೀಟರ್ ಮಳೆ ಬೀಳುವ ಕಡೆ ಒಂದು ಹೆಕ್ಟೇರಿನ ಮೇಲೆ ಬೀಳುವ ಒಟ್ಟು ನೀರು 75 ಲಕ್ಷ ಲೀಟರ್. ಅದರಲ್ಲಿ ಹೆಚ್ಚು ಪಾಲು ಗಿಡಮರಗಳ ಬಳಕೆಗೂ, ಆವಿಗೂ, ಮೇಲೆ ಹರಿದು ಹೋಗುವುದಕ್ಕೂ ಆಗುತ್ತದೆ. ನೂರಕ್ಕೆ ಹತ್ತು ಪಾಲು ಒಳಕ್ಕೆ ಇಂಗಿತೆಂದು ಇಟ್ಟುಕೊಂಡರೆ ಹೆಕ್ಟೇರಿಗೆ ಏಳೂವರೆ ಲಕ್ಷ ಲೀಟರ್. ಹಾಗಾದರೆ ಬೆರಳು ಗಾತ್ರದ ಆ ಒಂದು ಒರತೆಗೆ ಮೇಲ್ಗಡೆ ಸುಮಾರು ಹತ್ತೂವರೆ ಹೆಕ್ಟೇರ್, ಅಂದರೆ 26 ಎಕರೆ ಇಳಿಜಾರು ವರ್ಷವಿಡೀ ದುಡಿಯಬೇಕು. ಇಂಗುವ ಪಾಲು ಹತ್ತರಿಂದ ಐದಕ್ಕೆ ಇಳಿದರೆ ಒರತೆ ಅರ್ಧವಾಗುತ್ತದೆ. ಒರತೆ ಇರುವುದು ಒಬ್ಬರ ಜಮೀನಿನಲ್ಲಿರಬಹುದು, ಆದರೆ ಅದರ ಬೇರು ಇರುವುದು ಮೇಲಿನ 26 ಎಕರೆಯಲ್ಲಿ. ಇದು ಈ ಲೇಖನದ ಮುಖ್ಯ ಮಾತು.

ಒರತೆಗೆ ಬಂದಿರುವ ಕುತ್ತು

1. ಹತ್ತಿರದ ಕೊಳವೆ ಬಾವಿ. ಒರತೆಗೆ ನೀರು ಕೊಡುವ ಬಿರುಕನ್ನೇ ಕೊಳವೆ ಬಾವಿ ಕತ್ತರಿಸಿದರೆ, ಪಂಪು ಎಳೆದಷ್ಟೂ ಒರತೆ ಕುಗ್ಗುತ್ತದೆ. ಮೊದಲ ವರ್ಷ ಎರಡರಲ್ಲೂ ನೀರಿದ್ದಂತೆ ಕಾಣುತ್ತದೆ. ಅನಂತರ ಒರತೆ ನಿಲ್ಲುತ್ತದೆ, ಆಮೇಲೆ ಬಾವಿಯೂ ಆಳಕ್ಕೆ ಹೋಗುತ್ತದೆ. ಖರ್ಚಿಲ್ಲದೆ ಬರುತ್ತಿದ್ದ ನೀರಿಗೆ ವಿದ್ಯುತ್ತು, ಪಂಪು, ಸಾಲ ಸೇರಿಕೊಳ್ಳುತ್ತವೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು ನಮ್ಮ ರಾಜ್ಯದ 1999ರ ಕಾಯಿದೆ ಹೇಳುತ್ತದೆ. ಸ್ವಂತ ಜಮೀನಿನ ಒರತೆಗೂ ಇದೇ ಅಂತರವನ್ನು ನಾವೇ ಇಟ್ಟುಕೊಂಡರೆ ಕ್ಷೇಮ.

2. ಬರಿದಾದ ಇಳಿಜಾರು. ಹುಲ್ಲು ಹೋದ ನೆಲದಲ್ಲಿ ಮಳೆ ಇಂಗದೆ ಜಾರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಕಾಡ್ಗಿಚ್ಚು ಸಾವಿರಾರು ಎಕರೆಯನ್ನು ಸುಟ್ಟಿತು. ಅಂತಹ ಬೆಂಕಿಯ ಮೇಲೆ ಬೀಳುವ ಮೊದಲ ಮಳೆ ಬೂದಿಯನ್ನೂ ಮಣ್ಣನ್ನೂ ಹಳ್ಳಕ್ಕೆ ತಳ್ಳುತ್ತದೆ. ಮರಳಿನ ಸಂದುಗಳು ಹೂಳಿನಿಂದ ಮುಚ್ಚಿದರೆ ಅಲ್ಲಿಟ್ಟ ಮೀನಿನ ಮೊಟ್ಟೆಗಳು ಉಸಿರು ಕಟ್ಟಿ ಕೆಡುತ್ತವೆ. ಲಂಟಾನದ ಪೊದೆ ದಟ್ಟವಾದ ಕಡೆಯೂ ಕೆಳಗೆ ಹುಲ್ಲು ಬೆಳೆಯುವುದಿಲ್ಲ.

3. ಕೀಟನಾಶಕ. ಚೆಂಡು ಹೂ, ಟೊಮೇಟೊ, ಸಾಂಬಾರ್ ಈರುಳ್ಳಿ ಬೆಳೆಯುವ ನಮ್ಮ ರೈತರು ಸಿಂಪಡಣೆಯಲ್ಲಿ ಮುಂದು. ಸೈಪರ್‌ಮೆಥ್ರಿನ್ ಜಾತಿಯ ಔಷಧಗಳು ದನಕರುಗಳಿಗಿಂತ ಮೀನಿಗೆ ಬಹಳ ಪಟ್ಟು ವಿಷ. ನೂರಕ್ಕೆ ಹತ್ತರ ಬಲದ ಔಷಧವನ್ನು 15 ಲೀಟರ್ ಟ್ಯಾಂಕಿಗೆ 15 ಮಿಲಿಲೀಟರ್ ಹಾಕಿದರೆ ಅದರಲ್ಲಿ ಮೂಲವಿಷ ಒಂದೂವರೆ ಗ್ರಾಂ ಇರುತ್ತದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದು ಮೀಟರ್ ಆಳದ ಮಡುವಿನಲ್ಲಿ 50,000 ಲೀಟರ್ ನೀರಿದೆ. ಟ್ಯಾಂಕಿನಲ್ಲಿ ಹತ್ತನೇ ಒಂದು ಪಾಲು ಉಳಿದಿದ್ದಾಗ ಅದನ್ನು ಆ ಮಡುವಿನಲ್ಲಿ ತೊಳೆದರೂ ಸಾಕು, ಮೀನುಗಳು ಸಾಯಬಹುದು. ಹಿಂದೆ ಎಂಡೋಸಲ್ಫಾನ್ ಕೂಡ ಹೀಗೆಯೇ ಮೀನಿಗೆ ಮಾರಕವಾಗಿತ್ತು. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. ಬೋರ್ಡೋ ದ್ರಾವಣದ ತಾಮ್ರವೂ ಮೀನಿಗೆ ಆಗದು.

4. ಹೊರಗಿನ ಮೀನು. ಜಿಲೇಬಿ ಮೀನು 1952ರಲ್ಲಿ ನಮ್ಮ ದೇಶಕ್ಕೆ ಬಂದುದು. ಅದು ನಿಂತ ನೀರಿನಲ್ಲೇ ಮರಿಮಾಡಿ, ವರ್ಷದೊಳಗೆ ಮಡುವನ್ನೆಲ್ಲ ತುಂಬಿ, ಊರಿನ ಮೀನುಗಳ ಮೇವನ್ನೂ ಜಾಗವನ್ನೂ ಕಸಿಯುತ್ತದೆ. ಆಫ್ರಿಕಾದ ಕ್ಯಾಟ್‌ಫಿಶ್ ಕಂಡದ್ದನ್ನೆಲ್ಲ ನುಂಗುತ್ತದೆ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ. ಸೊಳ್ಳೆಗಾಗಿ 1928ರಲ್ಲಿ ಇಟಲಿಯಿಂದ ತಂದ ಗ್ಯಾಂಬೂಸಿಯಾ ಊರೊಳಗಿನ ತೊಟ್ಟಿಗೆ ಸರಿಯಿರಬಹುದು. ಒರತೆಗೆ ಬಿಟ್ಟರೆ ಅದು ಬೇರೆ ಮೀನಿನ ಮರಿ ಮೊಟ್ಟೆಗಳನ್ನೂ ತಿನ್ನುತ್ತದೆ. ಅಲ್ಲಿ ಬೆಳ್ಳಿ ಚುಕ್ಕೆಯ ಮೀನು ಆ ಕೆಲಸವನ್ನು ಮಾಡುತ್ತಲೇ ಇದೆ.

5. ವಿಷ ಹಾಕಿ ಮೀನು ಹಿಡಿಯುವುದು. ಹಿಂದೆ ಕಾರೆಕಾಯಿ ಅರೆದು ಹಾಕುತ್ತಿದ್ದರು. ಈಗ ಬ್ಲೀಚಿಂಗ್ ಪುಡಿ, ಮದ್ದುಗುಂಡು ಬಂದಿವೆ. ಒಂದು ಹೊತ್ತಿನ ಸಾರಿಗಾಗಿ ಹಳ್ಳವೆಲ್ಲದರ ಬೀಜದ ಮೀನು ಹೋಗುತ್ತದೆ. ಬಂಡೀಪುರ ಮತ್ತು ಬಿಳಿಗಿರಿರಂಗ ಬೆಟ್ಟದ ರಕ್ಷಿತ ಅರಣ್ಯಗಳೊಳಗೆ ಮೀನು ಹಿಡಿಯುವುದು ಕಾನೂನಿಗೂ ವಿರುದ್ಧ.

ಒರತೆಯನ್ನು ಉಳಿಸುವ ಬಗೆ

ಕಾಡಿನೊಳಗಿನ ಕೆಲಸ ಅರಣ್ಯ ಇಲಾಖೆಯದು. ಆದರೆ ಒರತೆಯ ಮೇಲ್ಗಡೆ ಇರುವ ಸಾಗುವಳಿ ಜಮೀನು ನಮ್ಮದು. ಅಲ್ಲಿ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಬೇಕು, ಸಮಪಾತಳಿ ಬದುಗಳನ್ನು ಹಾಕಬೇಕು. ಬದುವಿನ ಮೇಲೆ ಲಾವಂಚ ನೆಡಬೇಕು. ಇದು ನಾವು ಹೊರಗಿನವರಿಂದ ಕಲಿಯಬೇಕಾದ ವಿದ್ಯೆಯಲ್ಲ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ಹಾಕಿಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣಾ ತಜ್ಞರು ಲಾವಂಚವನ್ನು ಬೇರೆ ದೇಶಗಳಿಗೆ ಪ್ರಚಾರ ಮಾಡಿದಾಗ ಇಲ್ಲಿನ ಸಾಲುಗಳನ್ನು ಉದಾಹರಣೆಯಾಗಿ ತೋರಿಸಿದರು. ಇದರ ಬೇರು ನೇರವಾಗಿ ಆಳಕ್ಕೆ ಇಳಿಯುವುದರಿಂದ ಪಕ್ಕದ ಬೆಳೆಗೆ ತೊಂದರೆ ಕಡಿಮೆ. ಸಾಲು ಕೂಡಿಕೊಂಡ ಮೇಲೆ ಮಣ್ಣನ್ನು ತಡೆದು, ನೀರಿನ ಓಟವನ್ನು ನಿಧಾನ ಮಾಡಿ ಇಂಗಿಸುತ್ತದೆ. ಹಳೆಯ ಸಾಲುಗಳನ್ನು ಟ್ರ್ಯಾಕ್ಟರಿಗೆ ಅಡ್ಡವೆಂದು ಕೀಳದಿರುವುದೇ ಮೊದಲ ಕೆಲಸ.

ಸಿಕ್ಕಿಂ ರಾಜ್ಯದಲ್ಲಿ 2008ರಿಂದ ಧಾರಾ ವಿಕಾಸ ಎಂಬ ಕಾರ್ಯಕ್ರಮದಲ್ಲಿ ಒರತೆಗಳ ಮೇಲಿನ ಇಳಿಜಾರಿನಲ್ಲಿ ಇಂಗುಗುಂಡಿ, ಅಡ್ಡಗಾಲುವೆಗಳನ್ನು ತೋಡಿ, ಬತ್ತುತ್ತಿದ್ದ ಹಲವು ಒರತೆಗಳಿಗೆ ಜೀವ ತಂದರು. ನಮ್ಮಲ್ಲಿ ಮಳೆ ಅಷ್ಟಿಲ್ಲ, ಆದರೆ ಉಪಾಯ ಅದೇ. ಒರತೆಯ ಕಣ್ಣಿನ ಸುತ್ತ ಅಗೆಯಬಾರದು, ಸಿಮೆಂಟಿನಿಂದ ಮುಚ್ಚಬಾರದು. ಹತ್ತು ಮೀಟರ್ ಅಗಲಕ್ಕೆ ಹುಲ್ಲು ಗಿಡ ಬಿಟ್ಟು, ದನ ಇಳಿಯದಂತೆ ಬೇಲಿ ಹಾಕಿ, ದನಗಳಿಗೆ ಕೆಳಗಡೆ ತೊಟ್ಟಿ ಕಟ್ಟಬೇಕು. ಈ ಪಟ್ಟಿಯೊಳಗೆ ಸಿಂಪಡಣೆ ಬೇಡ. ಮೇಲ್ಗಡೆ ನೀಲಗಿರಿ ತೋಪು ಬೇಡ. ಹೊಂಗೆ, ನೇರಳೆಯಂತಹ ಊರ ಮರಗಳಿರಲಿ.

ಮೀನು ಸಾಕಬೇಕೆನ್ನುವವರಿಗೆ

ಒರತೆಯ ಮಡುವನ್ನು ಬಿಟ್ಟು, ಅದರ ಹೆಚ್ಚಿನ ನೀರು ಬರುವಂತೆ ಕೆಳಗೆ ಪ್ರತ್ಯೇಕ ಹೊಂಡ ಮಾಡಿಕೊಳ್ಳಬೇಕು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಹೊಂಡಕ್ಕೆ ಒಂದೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಮೇಲೆ ಹೇಳಿದ ಒರತೆಯಿಂದ ಅದು ಒಂದು ವಾರದಲ್ಲಿ ತುಂಬುತ್ತದೆ. ತುಂಬಿದ ಮೇಲೆ ಆವಿಯಾಗಿ ಹೋದಷ್ಟು ಮತ್ತು ಇಂಗಿದಷ್ಟು ನೀರನ್ನು ಮಾತ್ರ ಬಿಡಬೇಕು. ನೀರು ಸದಾ ಹರಿದು ಹೋಗುತ್ತಿದ್ದರೆ ಗೊಬ್ಬರ ನಿಲ್ಲುವುದಿಲ್ಲ.

ಈ ಅಳತೆಯ ಹೊಂಡಕ್ಕೆ ಮೊದಲು ಎರಡರಿಂದ ಎರಡೂವರೆ ಕಿಲೋ ಸುಣ್ಣ, ವಾರದ ನಂತರ ಸ್ವಲ್ಪ ಸಗಣಿ ಗೊಬ್ಬರ ಹಾಕಬೇಕು. ಸಗಣಿಯನ್ನು ವರ್ಷಕ್ಕೆ ಒಟ್ಟು ನೂರು ಕಿಲೋದಂತೆ ಕಂತುಗಳಲ್ಲಿ ಕೊಟ್ಟರೆ ಸಾಕು. ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಮಸುಕಾಗಿ ಕಾಣುವಷ್ಟು ನೀರು ಹಸಿರಾದರೆ ಸರಿಯಾಯಿತು. ಆಗ 50 ಬೆರಳುದ್ದದ ಮರಿಗಳನ್ನು ಬಿಡಬಹುದು: ಕಾಟ್ಲಾ 20, ರೋಹು 15, ಮೃಗಾಲ್ 15. ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಪಾಲು ಕೊಡಬೇಕು. ನೀರು ಒಂದು ಮೀಟರಿಗಿಂತ ಕೆಳಗಿಳಿಯಬಾರದು. ಹೊರಹೋಗುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಸಾಕಿದ ಮೀನು ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ಹೊಂಡದ ಹಸಿರು ನೀರನ್ನು ಬಾಳೆಗೋ ತೆಂಗಿಗೋ ಹಾಯಿಸಿದರೆ ಅದೂ ಗೊಬ್ಬರವೇ. ಮೀನುಮರಿಗಾಗಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯನ್ನೂ, ಮಣ್ಣು ನೀರಿನ ಪರೀಕ್ಷೆಯ ಸಲಹೆಗಾಗಿ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಬಹುದು.

ಕೊನೆಯ ಮಾತು

ಆ ರೈತರೊಡನೆ ಅಂದು ಇಷ್ಟನ್ನೂ ಮಾತನಾಡಿದೆ. ಬಕೆಟ್ ತರಿಸಿ ಹರಿವನ್ನು ಅಳೆದು ತೋರಿಸಿದೆ. ಕೊಳವೆ ಬಾವಿಯ ವಿಚಾರ ಬಂದಾಗ ಅವರು ಸುಮ್ಮನಾದರು. ಅದು ಸಹಜ. ಬೆಳೆ ಒಣಗುವಾಗ ನೀರಿನ ಆಸೆ ಯಾರಿಗಿರುವುದಿಲ್ಲ? “ಯಜಮಾನರೇ, ಬಾವಿ ಕೊರೆಸಲೇಬೇಕಾದರೆ ಒರತೆಯಿಂದ ಆದಷ್ಟು ದೂರ, ಜಮೀನಿನ ಕೆಳಭಾಗದಲ್ಲಿ ಕೊರೆಸಿ. ಅದಕ್ಕೂ ಮೊದಲು ಒಂದು ವರ್ಷ ಒರತೆಯನ್ನು ಅಳೆದು ನೋಡಿ. ಹೊಂಡ ಕಟ್ಟಿ ರಾತ್ರಿಯ ನೀರನ್ನು ಹಿಡಿದು, ಹನಿ ನೀರಾವರಿಯಲ್ಲಿ ಕೊಟ್ಟರೆ ಎಷ್ಟು ಅರಿಸಿನಕ್ಕೆ ಆದೀತು ಎಂದು ಲೆಕ್ಕ ಹಾಕಿ” ಎಂದೆ. ಅವರು ಗುಂಡಿಯ ಅಂಚಿನಲ್ಲಿ ಕುಳಿತು ಮೀನುಗಳನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಹಂಗಾರೆ ಇವು ಇರೋವರ್ಗೂ ನೀರದೆ ಅನ್ನಿ” ಎಂದರು.

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಿಮ್ಮ ಜಮೀನಿನ ಅಂಚಿನಲ್ಲಿ ಒರತೆಯಿದ್ದರೆ ಈ ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹೋಗಿ ನೋಡಿ. ನೀರು ಎಷ್ಟಿದೆ ಎಂದು ಅಳೆಯಿರಿ, ಯಾವ ಮೀನು ಇದೆ ಎಂದು ಬರೆದಿಡಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮುಂದೆ ಆ ನೋಟ್ ಪುಸ್ತಕವನ್ನು ಮುಂದುವರಿಸಬೇಕಾದವರು ಅವರು.